ಜಪಾನಿ ಮೇಪಲ್: ಬಣ್ಣಕ್ಕಿಂತ ಮೊದಲು ರೆಂಬೆ ನೋಡಿ

ಎಲೆ ಕೆಂಪಗಿದ್ದ ಮಾತ್ರಕ್ಕೆ ಮರ ಜಪಾನಿ ಮೇಪಲ್ ಆಗುವುದಿಲ್ಲ. ಜಪಾನ್, ಕೊರಿಯಾ ಕಾಡುಗಳಲ್ಲಿ ತಾನಾಗಿ ಬೆಳೆಯುವ ಜಪಾನಿ ಮೇಪಲ್ (ಏಸರ್ ಪಾಮೇಟಮ್) ಬೇಸಿಗೆಯಲ್ಲಿ ಹಸಿರಾಗಿಯೇ ಇರುತ್ತದೆ. ಆದ್ದರಿಂದ ಮೊದಲು ರೆಂಬೆ ನೋಡಿ. ಪ್ರತಿ ಗಿಣ್ಣಿನಲ್ಲೂ ಎರಡೆಲೆ ಎದುರುಬದುರಾಗಿ ಮೂಡಿರಬೇಕು. ಹಲವರು ಮೋಸಹೋಗುವುದು ಲಿಕ್ವಿಡಂಬರ್ ಮರದಿಂದ. ಅದರ ಎಲೆಯೂ ಅಂಗೈಯಂತೆ ಸೀಳಿರುತ್ತದೆ, ಚಳಿಗಾಲಕ್ಕೆ ಮುಂಚೆ ಕೆಂಪಾಗುತ್ತದೆ. ಆದರೆ ಎಲೆಗಳು ಆಚೆಗೊಂದು ಈಚೆಗೊಂದು, ಕಾಯಿ ಮುಳ್ಳುಮುಳ್ಳಾದ ಗುಂಡು. ಮೇಪಲ್ ಕಾಯಿಗೆ ಜೋಡಿ ರೆಕ್ಕೆ.

ಪಾಮೇಟಮ್ ಎಲೆಗೆ ಸಾಮಾನ್ಯವಾಗಿ 5ರಿಂದ 9 ಸೀಳು. ಸೀಳು 7ರಿಂದ 11 ಇದ್ದು, ಎಳೆಯ ಎಲೆತೊಟ್ಟಿನ ಮೇಲೆ ನವಿರು ರೋಮವಿದ್ದರೆ ಅದು ಬಹುಶಃ ಏಸರ್ ಜಪೋನಿಕಮ್. ತೋಟದ ತಳಿಗಳನ್ನು ಹೆಸರು ಹಿಡಿದು ಗುರುತಿಸುವುದು ಮಾತ್ರ ನಿಜಕ್ಕೂ ಕಷ್ಟ. ಅವು ಸಾವಿರಕ್ಕೂ ಹೆಚ್ಚಿವೆ. ಹಸಿರೆಲೆಯ ಒಸಾಕಜುಕಿ ಶರತ್ಕಾಲದಲ್ಲಿ ಕಡುಗೆಂಪಿಗೆ ತಿರುಗುತ್ತದೆ. ಸಾಂಗೋಕಾಕು ಎಲೆಯುದುರಿದ ಮೇಲೂ ಹವಳಗೆಂಪು ರೆಂಬೆಯಿಂದ ಗುರುತು ಸಿಗುತ್ತದೆ. ಬ್ಲಡ್‌ಗುಡ್ ಬೇಸಿಗೆಯಲ್ಲೂ ಕಡುಗೆಂಪು. ಆದರೆ ಅದರ ಬೀಜ ಬಿತ್ತಿದರೆ ಬ್ಲಡ್‌ಗುಡ್ ಹುಟ್ಟುವುದಿಲ್ಲ, ಪ್ರತಿ ಸಸಿಯೂ ತನ್ನದೇ ದಾರಿ ಹಿಡಿಯುತ್ತದೆ. ಅದಕ್ಕೇ ತಳಿಗಳನ್ನು ಹಸಿರು ಸಸಿಯ ಮೇಲೆ ಕಸಿ ಕಟ್ಟುತ್ತಾರೆ. ಬುಡದ ಹತ್ತಿರ ತೊಗಟೆ ತುಸು ಉಬ್ಬಿರುವ ಕಡೆಯೇ ಕಸಿಗಂಟು. ಅದರ ಕೆಳಗೆ ಚಿಗುರೊಡೆದರೆ ತಕ್ಷಣ ಚಿವುಟಿ. ಬಿಟ್ಟರೆ ಆ ಹಸಿರು ರೆಂಬೆಗಳೇ ಬಲಿತು ನೀವು ಕೊಂಡ ತಳಿಯನ್ನು ಮೂಲೆಗೊತ್ತುತ್ತವೆ.

ಬೀಜದಿಂದ ಬೆಳೆಸುವ ಸೊಗಸೇ ಬೇರೆ, ಆದರೆ ತಾಳ್ಮೆ ಬೇಕು. ತೇವವಾದ ಮರಳಿನಲ್ಲಿ ಬೆರೆಸಿ, ಸುಮಾರು 4 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಮೂರು ನಾಲ್ಕು ತಿಂಗಳು ಇಟ್ಟರೆ ಮೊಳೆಯುತ್ತದೆ. ಆನ್‌ಲೈನ್‌ನಲ್ಲಿ ಮಾರುವ 'ನೀಲಿ ಮೇಪಲ್' ಬೀಜಕ್ಕೆ ಹಣ ಹಾಕಬೇಡಿ. ಅಂಥ ನೀಲಿ ಎಲೆಯ ಜಪಾನಿ ಮೇಪಲ್ ಇಲ್ಲ.

ಜಪಾನಿ ಮೇಪಲ್‌ನ ಬೇರು ಆಳಕ್ಕಿಳಿಯದೆ ಮೇಲ್ಮಣ್ಣಿನಲ್ಲೇ ಹರಡುತ್ತದೆ. ನೀರು ನಿಂತರೆ ಕೊಳೆಯುತ್ತದೆ, ಮಣ್ಣು ಒಣಗಿದರೆ ಎಲೆಯಂಚು ಸುಟ್ಟಂತಾಗುತ್ತದೆ. ತುಸು ಹುಳಿಮಣ್ಣು, ಬುಡಕ್ಕೆ ತರಗೆಲೆಯ ಹೊದಿಕೆ, ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಇದ್ದರೆ ಸಾಕು. ದಾರದಂತೆ ಸೀಳಿದ ಎಲೆಯ ತಳಿಗಳಿಗೆ ಈ ನೆರಳು ಇನ್ನೂ ಅಗತ್ಯ. ಅಮೆರಿಕ, ಇಂಗ್ಲೆಂಡಿನಲ್ಲಿರುವ ಕನ್ನಡಿಗರ ಹಿತ್ತಿಲಲ್ಲಿ ಇದು ಸುಲಭವಾಗಿ ಬರುತ್ತದೆ. ಬೆಂಗಳೂರಿನಲ್ಲಿ ಕುಂಡಕ್ಕೆಂದು ಕೊಳ್ಳುವವರು ಯೋಚಿಸಬೇಕು: ಎಲೆಯುದುರಿಸಿ ಚಳಿಯಲ್ಲಿ ಮಲಗುವ ಅವಧಿ ಈ ಮರಕ್ಕೆ ಬೇಕೇ ಬೇಕು, ನಮ್ಮ ಡಿಸೆಂಬರಿನ ಚಳಿ ಅದಕ್ಕೆ ಸಾಲದು. ಕೊಂಬೆ ಕತ್ತರಿಸುವುದೂ ಮರ ಹಾಗೆ ಪೂರ್ತಿ ಮಲಗಿರುವಾಗಲೇ. ಚಿಗುರುವ ಹೊತ್ತಿಗೆ ಕತ್ತರಿ ಹಾಕಿದರೆ ಗಾಯದಿಂದ ರಸ ಸೋರುತ್ತದೆ.