ಎಂಜಿನ್ನಿಗೆ ಬೇಕಾದಷ್ಟೇ ಗಾಳಿ

ಅಮೆರಿಕದ ಯಾವುದೇ ಬಿಡಿಭಾಗಗಳ ಕ್ಯಾಟಲಾಗಿನಲ್ಲಿ ಕಾರ್ಬುರೇಟರ್ ಪುಟ ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಅಂಕಿಗಳು: 600, 650, 750, 850. ನಿಮಿಷಕ್ಕೆ ಇಷ್ಟು ಘನ ಅಡಿ ಗಾಳಿಯನ್ನು ಒಳಬಿಡಬಲ್ಲದು ಎಂಬ ಲೆಕ್ಕ ಅದು. ಅಲ್ಲಿನ ಗ್ಯಾರೇಜುಗಳಲ್ಲಿ ಇದನ್ನು ‘ಸಿಎಫ್‌ಎಂ’ ಎನ್ನುತ್ತಾರೆ. ಶೆವರ್ಲೆಯ ಹಳೆಯ ಕಮಾರೊ ಕಾರೊಂದನ್ನು ಕೊಂಡು, ಎಂಜಿನ್ ಬಿಚ್ಚಿ ಕಟ್ಟಿ, ಹೊಸ ಕ್ಯಾಮ್‌ಶಾಫ್ಟ್ ಕೂರಿಸಿ, ಇನ್ನು ಕಾರ್ಬುರೇಟರ್ ಒಂದು ಬಾಕಿ ಎನ್ನುವಲ್ಲಿಗೆ ಬಂದವನ ಬೆರಳು ತಾನಾಗಿಯೇ ದೊಡ್ಡ ಅಂಕಿಯ ಕಡೆ ಸರಿಯುತ್ತದೆ. ಇಷ್ಟೆಲ್ಲ ಖರ್ಚು ಮಾಡಿ ಈಗ ಚಿಕ್ಕದನ್ನು ತರುವುದೇ ಎಂಬ ಯೋಚನೆ. ರೇಸ್ ಟ್ರ್ಯಾಕಿನಲ್ಲಿ ಅದು ಸರಿಯೂ ಇರಬಹುದು. ಆದರೆ ಸಿಗ್ನಲ್ಲಿನಲ್ಲಿ ನಿಂತು, ಪೇಟೆಯಲ್ಲಿ ತೆವಳಿ, ಭಾನುವಾರ ಒಂದಿಷ್ಟು ಹೆದ್ದಾರಿ ನೋಡುವ ಗಾಡಿಗೆ ಆ ಆಯ್ಕೆ ಬಹುಪಾಲು ತಪ್ಪು. ಸರಿಯಾದ ಕಾರ್ಬುರೇಟರ್ ಆರಿಸುವ ಕಸುಬಿನಲ್ಲಿ ಪಳಗಿದವರು ಗಿರಾಕಿಗೆ ಮೊದಲು ಹೇಳುವುದು ಇದನ್ನೇ.

ಕಾರಣ ಗಾಳಿಯ ವೇಗದಲ್ಲಿದೆ. ಒಂದು ಪಾಲು ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕು. ಎಂಜಿನ್ನಿನ ಪೂರ್ಣ ಶಕ್ತಿ ಬೇಕಾದಾಗ ಗಾಳಿಯ ಪಾಲು ಹನ್ನೆರಡೂವರೆ–ಹದಿಮೂರಕ್ಕೆ ಇಳಿಯಬೇಕು. ಇಷ್ಟು ನಾಜೂಕಿನ ಅಳತೆಯನ್ನು ಕಾರ್ಬುರೇಟರ್ ಯಾವ ಸೆನ್ಸರಿನ ನೆರವೂ ಇಲ್ಲದೆ ಮಾಡುತ್ತದೆ. ಗಾಳಿ ಹೋಗುವ ದಾರಿಯ ನಡುವೆ ವೆಂಚುರಿ ಎಂಬ ಕಿರಿದಾದ ಜಾಗವಿದೆ; ಇಟಲಿಯ ವಿಜ್ಞಾನಿ ಜೊವಾನಿ ಬತ್ತಿಸ್ತಾ ವೆಂಚುರಿಯ (1746–1822) ಹೆಸರು ಅದಕ್ಕೆ. ಅಲ್ಲಿ ಗಾಳಿಯ ವೇಗ ಏರುತ್ತದೆ, ಒತ್ತಡ ಇಳಿಯುತ್ತದೆ, ಫ್ಲೋಟ್ ಬೌಲಿನಲ್ಲಿರುವ ಪೆಟ್ರೋಲು ಆ ಕಡಿಮೆ ಒತ್ತಡದ ಕಡೆಗೆ ಚಿಮ್ಮಿ ಹನಿಹನಿಯಾಗಿ ಒಡೆಯುತ್ತದೆ. ಒಲೆ ಊದುವ ಊದುಗೊಳವೆ ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಅದೇ ಉಸಿರನ್ನು ಸಣ್ಣ ಬಾಯಿಯ ಕೊಳವೆಯಲ್ಲಿ ಊದಿದರೆ ಕೆಂಡ ಧಗ್ಗೆನ್ನುತ್ತದೆ, ದಪ್ಪ ಬಿದಿರಿನಲ್ಲಿ ಊದಿದರೆ ಬೂದಿಯೂ ಅಲುಗುವುದಿಲ್ಲ. ಎಂಜಿನ್ನಿನ ಗಾತ್ರಕ್ಕೆ ಮೀರಿದ ಕಾರ್ಬುರೇಟರಿನಲ್ಲಿ ಗಾಳಿ ಮಂದಗತಿಯಲ್ಲಿ ಸಾಗುತ್ತದೆ. ಎಳೆತ ಸಾಲದೆ ಪೆಟ್ರೋಲ್ ತಡವಾಗಿ ಬರುತ್ತದೆ. ಬಂದದ್ದೂ ಸರಿಯಾಗಿ ಒಡೆಯದೆ ದಪ್ಪ ಹನಿಗಳಾಗಿ, ಸಿಲಿಂಡರುಗಳಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡಿನ ಗೋಡೆಗೆ ಅಂಟುತ್ತದೆ. ಚಾಲಕ ಪೆಡಲ್ ಒತ್ತಿದಾಗ ಗಾಡಿ ಒಂದು ಕ್ಷಣ ಮುಗ್ಗರಿಸಿ ಆಮೇಲೆ ಎಳೆಯುವುದು ಇದರಿಂದಲೇ.

ಹಾಗಾದರೆ ಎಷ್ಟು ಬೇಕು? ಲೆಕ್ಕ ಶಾಲೆಯ ಹುಡುಗರೂ ಮಾಡುವಂಥದ್ದು. ಎಂಜಿನ್ನಿನ ಗಾತ್ರವನ್ನು ಘನ ಇಂಚಿನಲ್ಲಿ ತೆಗೆದುಕೊಂಡು, ಅದು ಓಡುವ ಅತಿ ಹೆಚ್ಚಿನ ಆರ್‌ಪಿಎಂನಿಂದ ಗುಣಿಸಿ, 3456ರಿಂದ ಭಾಗಿಸಬೇಕು. ಒಂದು ಘನ ಅಡಿಗೆ 1728 ಘನ ಇಂಚು. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ ಮಾತ್ರ ಗಾಳಿ ಎಳೆಯುವುದರಿಂದ ಅದರ ಎರಡರಷ್ಟು. 3456 ಬಂದದ್ದು ಹೀಗೆ. ಶೆವರ್ಲೆಯ ಹೆಸರಾಂತ 350 ಘನ ಇಂಚಿನ ವಿ8 ಎಂಜಿನ್ನನ್ನೇ ನೋಡೋಣ. 1967ರ ಕಮಾರೊದೊಂದಿಗೆ ಬಂದ ಇದು ನಮ್ಮ ಲೆಕ್ಕದಲ್ಲಿ 5.7 ಲೀಟರ್. ರಸ್ತೆಯ ಗಾಡಿಯಲ್ಲಿ ಇದು 5500 ಆರ್‌ಪಿಎಂ ದಾಟುವುದು ಅಪರೂಪ. ಲೆಕ್ಕ ಹಾಕಿದರೆ 557 ಬರುತ್ತದೆ. ಇದೂ ಸಿಲಿಂಡರುಗಳು ಪ್ರತಿ ಸಲ ಪೂರ್ತಿ ತುಂಬಿದರೆ ಮಾತ್ರ. ರಸ್ತೆಯ ಎಂಜಿನ್ ತುಂಬುವುದು ನೂರಕ್ಕೆ ಎಂಬತ್ತೈದರ ಆಸುಪಾಸು, ಅಂದರೆ 473. ಒಳ್ಳೆಯ ಸಿಲಿಂಡರ್ ಹೆಡ್, ಜೋರಿನ ಕ್ಯಾಮ್‌ಶಾಫ್ಟ್ ಹಾಕಿ 6000ದವರೆಗೆ ಓಡಿಸುತ್ತೇನೆ ಎಂದರೂ 516. ಆರುನೂರರ ಕಾರ್ಬುರೇಟರ್ ಈ ಎಂಜಿನ್ನಿಗೆ ಸಾಕಾಗಿ ಉಳಿಯುತ್ತದೆ. 850 ಕೊಂಡವನು ತನ್ನ ಎಂಜಿನ್ ಎಂದೂ ಎಳೆಯದ ಗಾಳಿಗೆ ದುಡ್ಡು ಕೊಟ್ಟಿದ್ದಾನೆ. ಅದಕ್ಕಾಗಿ ಕೆಳಗಿನ ಆರ್‌ಪಿಎಂಗಳ ಎಳೆತವನ್ನು ಬಿಟ್ಟುಕೊಟ್ಟಿದ್ದಾನೆ. ನಾವು ಗಾಡಿ ಓಡಿಸುವುದೇ ಆ ಕೆಳಗಿನ ಆರ್‌ಪಿಎಂಗಳಲ್ಲಿ.

ಅಂಕಿಗಳನ್ನು ಓದುವಾಗ ಎಚ್ಚರ ತಪ್ಪಬಾರದ ಜಾಗ ಇನ್ನೊಂದಿದೆ. ನಾಲ್ಕು ಬಾಯಿಯ ಕಾರ್ಬುರೇಟರನ್ನು ಪಾದರಸದ ಒಂದೂವರೆ ಇಂಚು ಒತ್ತಡದ ವ್ಯತ್ಯಾಸದಲ್ಲಿ ಅಳೆಯುತ್ತಾರೆ, ಎರಡು ಬಾಯಿಯದನ್ನು ಮೂರು ಇಂಚಿನಲ್ಲಿ. ಎರಡು ಬಾಯಿಯ ಕಾರ್ಬುರೇಟರಿನ ಮೇಲೆ 500 ಎಂದಿದ್ದರೆ, ನಾಲ್ಕು ಬಾಯಿಯ ಅಳತೆಗೆ ತಂದಾಗ ಅದು ಸುಮಾರು 354 ಆಗುತ್ತದೆ. ಎರಡನ್ನೂ ಪಕ್ಕದಲ್ಲಿಟ್ಟು ಹೋಲಿಸಿ ಕೊಳ್ಳುವವರು ಮೋಸ ಹೋಗುವುದು ಇಲ್ಲೇ.

ನಾಲ್ಕು ಬಾಯಿ ಎಂದೆ. ಮುಂದಿನ ಎರಡು ಬಾಯಿ ದಿನದ ಓಡಾಟಕ್ಕೆ. ಹಿಂದಿನ ಎರಡು ಎಂಜಿನ್ ಹೆಚ್ಚು ಕೇಳಿದಾಗ ತೆರೆಯುವಂಥವು. ತೆರೆಯುವ ಬಗೆ ಎರಡು. ಒಂದರಲ್ಲಿ ಚಾಲಕನ ಪಾದವೇ ಲಿಂಕೇಜಿನ ಮೂಲಕ ಅವನ್ನು ತೆರೆಯುತ್ತದೆ. ಹೀಗೆ ತಟ್ಟನೆ ತೆರೆದಾಗ ಮುಗ್ಗರಿಸದಿರಲು ಹಿಂದಕ್ಕೂ ಒಂದು ಎಕ್ಸಲರೇಟರ್ ಪಂಪ್ ಇರುವುದರಿಂದ ಇದನ್ನು ‘ಡಬಲ್ ಪಂಪರ್’ ಎನ್ನುತ್ತಾರೆ. ಹಗುರ ಗಾಡಿ, ಕೈಯಿಂದ ಹಾಕುವ ಗೇರು, ಎಂಜಿನ್ನನ್ನು ಮೇಲಿನ ಆರ್‌ಪಿಎಂನಲ್ಲೇ ಇಡುವ ಹಿಂದಿನ ಆಕ್ಸಲ್ ಇದ್ದರೆ ಇದು ಹೊಂದುತ್ತದೆ. ಇನ್ನೊಂದು ಬಗೆಯಲ್ಲಿ ವೆಂಚುರಿಯ ಎಳೆತವೇ ಒಂದು ಡಯಾಫ್ರಮ್ಮನ್ನು ಎತ್ತಿ ಹಿಂದಿನ ಬಾಯಿಗಳನ್ನು ಮೆಲ್ಲಗೆ ತೆರೆಯುತ್ತದೆ. ಪಾದ ಎಷ್ಟೇ ಒತ್ತಲಿ, ಎಂಜಿನ್ ಕೇಳದೆ ಅದು ಕೊಡುವುದಿಲ್ಲ. ಭಾರದ ಗಾಡಿಗೆ, ಆಟೊಮ್ಯಾಟಿಕ್ ಗೇರಿನ ಗಾಡಿಗೆ ಇದೇ ಸರಿ. ಹೋಲಿ ಕಂಪನಿಯ 1850 ನಂಬರಿನ 600 ಸಿಎಫ್‌ಎಂ ಕಾರ್ಬುರೇಟರ್ ಈ ಬಗೆಯದು. ರಸ್ತೆಯ 350 ಎಂಜಿನ್ನಿಗೆ ಒಂದನ್ನೇ ಹೇಳು ಎಂದರೆ ನಾನು ಹೇಳುವುದು ಇದನ್ನೇ. ಹಿಂದಿನ ಬಾಯಿ ಬೇಗ ತೆರೆಯಬೇಕೋ ತಡವಾಗಿಯೋ ಎಂಬುದನ್ನು ಪುಟ್ಟ ಸ್ಪ್ರಿಂಗುಗಳು ನಿರ್ಧರಿಸುತ್ತವೆ. ಗುರುತಿಗೆ ಅವುಗಳಿಗೆ ಬಣ್ಣ ಬಳಿದಿರುತ್ತದೆ: ಬಿಳಿಯದು ಎಲ್ಲಕ್ಕಿಂತ ಹಗುರ, ಕಪ್ಪು ಎಲ್ಲಕ್ಕಿಂತ ಬಿಗಿ. ಗಾಡಿ ಮುಗ್ಗರಿಸುವವರೆಗೆ ಹಗುರವಾದದ್ದನ್ನು ಒಂದೊಂದಾಗಿ ಹಾಕಿ ನೋಡಿ, ಮುಗ್ಗರಿಸಿದ ಕೂಡಲೇ ಒಂದು ಹೆಜ್ಜೆ ಹಿಂದೆ ಬರುವುದು ಪದ್ಧತಿ.

ಹೋಲಿ ಎಂಬುದು ಇಬ್ಬರು ಅಣ್ಣತಮ್ಮಂದಿರ ಹೆಸರು. ಪೆನ್ಸಿಲ್ವೇನಿಯಾದ ಬ್ರಾಡ್‌ಫರ್ಡ್ ಊರಿನ ಜಾರ್ಜ್ ಮತ್ತು ಅರ್ಲ್ ಹೋಲಿ ಮೊದಲು ಮೋಟಾರುಗಾಡಿ ಕಟ್ಟಿದರು, ಆಮೇಲೆ ಓಲ್ಡ್ಸ್‌ಮೊಬೀಲಿಗೂ ಫೋರ್ಡ್‌ನ ಮಾಡೆಲ್ ಟಿಗೂ ಕಾರ್ಬುರೇಟರ್ ಮಾಡಿಕೊಟ್ಟರು. ಅವರ ಕಂಪನಿಯ 4150 ಮಾದರಿ 1957ರಲ್ಲಿ ಫೋರ್ಡ್ ಥಂಡರ್‌ಬರ್ಡಿನೊಂದಿಗೆ ಬಂತು. ಇಂದಿಗೂ ಮಾರಾಟವಾಗುವ ಬಹಳಷ್ಟು ಪರ್ಫಾರ್ಮೆನ್ಸ್ ಕಾರ್ಬುರೇಟರುಗಳು ಅದೇ ವಂಶದವು. ಅದೇ ಕಾಲದ ಕಾರ್ಟರ್ ಕಂಪನಿಯ ಎಎಫ್‌ಬಿ ಈಗ ಎಡೆಲ್‌ಬ್ರಾಕ್ ಹೆಸರಿನಲ್ಲಿ ಮುಂದುವರಿದಿದೆ. ಅಮೆರಿಕದ ಹೊಸ ಕಾರುಗಳಿಂದ ಕಾರ್ಬುರೇಟರ್ 1990ರ ದಶಕದ ಆರಂಭಕ್ಕೇ ಮರೆಯಾದರೂ, ನ್ಯಾಸ್‌ಕಾರ್ ರೇಸಿನ ಮುಖ್ಯ ಸರಣಿ 2011ರವರೆಗೆ ಅದರಲ್ಲೇ ಓಡಿತು. ಈ ಕಸುಬು ಉಳಿಯಲು ಕಾರಣ ಹಳೆಯದರ ಮೋಹ ಒಂದೇ ಅಲ್ಲ. ಒಂದು ಸ್ಕ್ರೂಡ್ರೈವರ್, ಒಂದು ಸ್ಪ್ಯಾನರ್ ಹಿಡಿದು ಎಂಜಿನ್ನಿನ ಊಟವನ್ನು ತಾನೇ ತಿದ್ದಬಹುದು ಎಂಬ ಸ್ವಾತಂತ್ರ್ಯವನ್ನು ಇನ್ನಾವ ಭಾಗವೂ ಮಾಲೀಕನಿಗೆ ಕೊಡುವುದಿಲ್ಲ.

ಗಾತ್ರ ಗೊತ್ತಾದ ಮಾತ್ರಕ್ಕೆ ಕೊಳ್ಳುವಂತಿಲ್ಲ. ಮ್ಯಾನಿಫೋಲ್ಡಿನ ಮೇಲೆ ಅದು ಕೂರಬೇಕು. ಜನರಲ್ ಮೋಟಾರ್ಸ್ 1965ರಿಂದ ಹಾಕಿದ ಕ್ವಾಡ್ರಾಜೆಟ್ ಕಾರ್ಬುರೇಟರಿಗೆ ಮುಂದಿನ ಬಾಯಿ ಸಣ್ಣದು, ಹಿಂದಿನದು ದೊಡ್ಡದು; ನಾಲ್ಕೂ ಸಮನಾಗಿರುವ ಹೋಲಿಯನ್ನು ಆ ಜಾಗದಲ್ಲಿ ಕೂರಿಸಲು ಅಡಾಪ್ಟರ್ ಬೇಕು, ಅದರಿಂದ ಎತ್ತರ ಹೆಚ್ಚಿ ಬಾನೆಟ್ಟಿಗೆ ತಗುಲಬಹುದು. ಇಂಧನದ ಒತ್ತಡವನ್ನೂ ನೋಡಬೇಕು: ಹೋಲಿ ಆರೇಳು ಪಿಎಸ್‌ಐ ತಡೆಯುತ್ತದೆ, ಎಡೆಲ್‌ಬ್ರಾಕಿಗೆ ಐದೂವರೆ ಸಾಕು, ಹೆಚ್ಚಾದರೆ ಓವರ್‌ಫ್ಲೋ. ಎಲ್ಲಕ್ಕಿಂತ ದುಬಾರಿಯಾಗಬಲ್ಲದ್ದು ಒಂದು ತಂತಿ. ಜನರಲ್ ಮೋಟಾರ್ಸಿನ 700ಆರ್4 ಆಟೊಮ್ಯಾಟಿಕ್ ಗೇರ್‌ಬಾಕ್ಸಿನಿಂದ ಕಾರ್ಬುರೇಟರಿಗೆ ಒಂದು ಕೇಬಲ್ ಬರುತ್ತದೆ. ಥ್ರಾಟಲ್ ಎಷ್ಟು ತೆರೆದಿದೆ ಎಂಬುದನ್ನು ತಿಳಿದು ಗೇರ್‌ಬಾಕ್ಸ್ ತನ್ನ ಆಯಿಲ್ ಒತ್ತಡವನ್ನು ಹೊಂದಿಸಿಕೊಳ್ಳುವುದು ಆ ಕೇಬಲಿನಿಂದ. ಹೊಸ ಕಾರ್ಬುರೇಟರಿನ ತೋಳಿನ ಅಳತೆ ಬೇರೆಯಾಗಿದ್ದರೆ ಒತ್ತಡ ಸಾಲದೆ ಕ್ಲಚ್‌ಪ್ಲೇಟುಗಳು ಜಾರಿ ಸುಟ್ಟುಹೋಗುತ್ತವೆ. ಕಾರ್ಬುರೇಟರ್ ಬದಲಿಸಿ ಗೇರ್‌ಬಾಕ್ಸ್ ಕಳೆದುಕೊಳ್ಳುವುದು ಹೀಗೆ. ಸರಿಯಾದ ಬ್ರಾಕೆಟ್ಟನ್ನು ಕಾರ್ಬುರೇಟರಿನ ಜತೆಗೇ ಕೊಳ್ಳಬೇಕು.

ಇನ್ನು ಕಾನೂನು. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಮಾದರಿಯ ಪೆಟ್ರೋಲ್ ಕಾರುಗಳಿಗೆ ಹೊಗೆ ತಪಾಸಣೆಯಿಲ್ಲ. ಆಮೇಲಿನವುಗಳಿಗೆ ರಾಜ್ಯದ ವಾಯು ಮಂಡಳಿ ಒಪ್ಪಿದ ಭಾಗವೇ ಬೇಕು.

ಕೂರಿಸಿದ ಮೇಲೆ ಕಸುಬಿನ ನಿಜವಾದ ಭಾಗ ಶುರು. ಬಲ್ಲವರು ಮೊದಲು ಕೈಗೆತ್ತಿಕೊಳ್ಳುವ ಉಪಕರಣ ಮ್ಯಾನಿಫೋಲ್ಡಿನ ಎಳೆತ ಅಳೆಯುವ ವ್ಯಾಕ್ಯೂಮ್ ಗೇಜ್. ಎಂಜಿನ್ ಬಿಸಿಯಾಗಿ ಐಡಲಿಂಗ್‌ನಲ್ಲಿರುವಾಗ ಪಾದರಸದ 13 ಇಂಚು ತೋರಿಸಿತು ಎನ್ನಿ. ಅದರ ಅರ್ಧ ಆರೂವರೆ. ಹೋಲಿಯೊಳಗಿನ ಪವರ್ ವಾಲ್ವ್ ಆ ಅಂಕಿಯದಾಗಿರಬೇಕು, ಅದರ ಮೇಲೆ 65 ಎಂದು ಕೊರೆದಿರುತ್ತದೆ. ವ್ಯಾಕ್ಯೂಮ್ ಅದಕ್ಕಿಂತ ಕೆಳಗಿಳಿದಾಗ ಮಾತ್ರ ತೆರೆದು ಹೆಚ್ಚಿನ ಪೆಟ್ರೋಲ್ ಕೊಡುವುದು ಅದರ ಕೆಲಸ. ಜೋರಿನ ಕ್ಯಾಮ್‌ಶಾಫ್ಟಿನಿಂದ ಐಡಲಿಂಗ್ ವ್ಯಾಕ್ಯೂಮೇ ಕಡಿಮೆಯಿರುವ ಎಂಜಿನ್ನಿಗೆ ಹೆಚ್ಚಿನ ಅಂಕಿಯ ವಾಲ್ವ್ ಹಾಕಿದರೆ ಅದು ಸದಾ ತೆರೆದೇ ಇದ್ದು ಪ್ಲಗ್ಗುಗಳು ಮಸಿ ಹಿಡಿಯುತ್ತವೆ. ಅದೇ ಗೇಜು ಗಾತ್ರದ ಆಯ್ಕೆಯನ್ನೂ ಪರೀಕ್ಷಿಸುತ್ತದೆ. ಪೂರ್ತಿ ಥ್ರಾಟಲ್‌ನಲ್ಲಿ, ಅತಿ ಹೆಚ್ಚಿನ ಆರ್‌ಪಿಎಂನಲ್ಲಿ ಒಂದೂವರೆ ಇಂಚಿಗಿಂತ ಹೆಚ್ಚು ತೋರಿಸಿದರೆ ಕಾರ್ಬುರೇಟರ್ ಎಂಜಿನ್ನನ್ನು ಕಟ್ಟಿಹಾಕುತ್ತಿದೆ. ಸೊನ್ನೆಯ ಹತ್ತಿರವೇ ನಿಂತರೆ ಕೊಂಡದ್ದು ಅಗತ್ಯಕ್ಕಿಂತ ದೊಡ್ಡದು. ಕ್ಯಾಟಲಾಗಿನ ಎಲ್ಲ ವಾದಗಳಿಗಿಂತ ಈ ಒಂದು ಮುಳ್ಳಿನ ಮಾತಿಗೆ ನಾನು ಬೆಲೆ ಕೊಡುತ್ತೇನೆ.

ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ಜೆಟ್ಟುಗಳನ್ನು ಹಿಂದೆ ಪ್ಲಗ್ಗಿನ ಬಣ್ಣ ನೋಡಿ ಬದಲಿಸುತ್ತಿದ್ದರು. ಸೀಸವಿಲ್ಲದ ಪೆಟ್ರೋಲಿನಲ್ಲಿ ಆ ಬಣ್ಣ ಓದುವುದು ಕಷ್ಟವಾಗಿ, ಈಗ ಸೈಲೆನ್ಸರ್ ಪೈಪಿನಲ್ಲಿ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಕೂರಿಸಿ ನೋಡುತ್ತಾರೆ. ಮೇಲೇರಿದಷ್ಟೂ ಗಾಳಿ ತೆಳುವಾಗುವುದರಿಂದ ಊರಿನ ಎತ್ತರವೂ ಲೆಕ್ಕಕ್ಕೆ ಬರುತ್ತದೆ: ಪ್ರತಿ 2000 ಅಡಿ ಏರಿಗೆ ಜೆಟ್ ಒಂದು ಸೈಜ್ ಕೆಳಗೆ. ಮೈಲಿ ಎತ್ತರದ ಡೆನ್ವರಿನಲ್ಲಿ ಇದನ್ನು ಮರೆತರೆ ಗಾಡಿ ಕಪ್ಪು ಹೊಗೆ ಬಿಡುತ್ತದೆ. ಮಂಗಳೂರಿನ ಸಮುದ್ರಮಟ್ಟದಲ್ಲಿ ಹದವಾಗಿ ಓಡಿದ ಕಾರ್ಬುರೇಟರ್ ಬೈಕು ಘಾಟಿ ಹತ್ತಿ ಮೂರು ಸಾವಿರ ಅಡಿಯ ಬೆಂಗಳೂರಿಗೆ ಬಂದಾಗ ತುಸು ರಿಚ್ ಆಗುವುದೂ (ಪೆಟ್ರೋಲಿನ ಪಾಲು ಹೆಚ್ಚಾಗುವುದೂ) ಇದೇ ಕಾರಣಕ್ಕೆ.

ನಮ್ಮಲ್ಲಿ ಈ ಕಸುಬು ಬದುಕಿರುವುದು ವಿ8ಗಳಲ್ಲಿ ಅಲ್ಲ, ಆರ್‌ಎಕ್ಸ್100, ಯೆಜ್ಡಿ, ಬುಲೆಟ್ಟುಗಳಲ್ಲಿ. 2020ರ ಬಿಎಸ್6 ನಿಯಮದ ನಂತರ ಹೊಸ ಬೈಕುಗಳಲ್ಲಿ ಬಹುತೇಕ ಇಂಜೆಕ್ಷನ್ ಬಂದಿದೆ. ಹಳೆಯವನ್ನು ಉಳಿಸಿಕೊಂಡವರು ಇಂದಿಗೂ ಜೆಟ್ ಹುಡುಕುತ್ತಾರೆ. ಅವರನ್ನೂ ಕಾಡುವುದು ಅದೇ ದೊಡ್ಡ ಅಂಕಿಯ ಆಸೆ. ಒಂದೇ ಸಿಲಿಂಡರಿನ ಬೈಕಿಗೆ ಲೆಕ್ಕ ಬೇರೆ: ಲೀಟರಿನಲ್ಲಿ ಎಂಜಿನ್ ಗಾತ್ರ, ಅದಕ್ಕೆ ಆರ್‌ಪಿಎಂ ಗುಣಿಸಿ ವರ್ಗಮೂಲ ತೆಗೆದು, 0.65ರಿಂದ 0.9ರ ನಡುವಿನ ಅಂಕಿಯಿಂದ ಗುಣಿಸಿದರೆ ಬಾಯಿಯ ವ್ಯಾಸ ಮಿಲಿಮೀಟರಿನಲ್ಲಿ ಬರುತ್ತದೆ. ಆರ್‌ಎಕ್ಸ್100ರ 98 ಸಿಸಿಗೆ, 7500 ಆರ್‌ಪಿಎಂನಲ್ಲಿ, ಇದು ಸುಮಾರು 18ರಿಂದ 24. ಪೋರ್ಟು, ಸೈಲೆನ್ಸರ್ ಮುಟ್ಟದೆ 28 ಮಿಲಿಮೀಟರಿನದನ್ನು ಸಿಕ್ಕಿಸಿದರೆ ಸದ್ದು ಬದಲಾದೀತು, ಪಿಕಪ್ ಹೋದೀತು.

ಗಾತ್ರ ಸರಿಯಿದ್ದರೂ ಈಗ ಎದುರಾಗಿರುವ ಹೊಸ ಸಂಗತಿ ಪೆಟ್ರೋಲಿನದು. ಬಂಕುಗಳಲ್ಲಿ ಸಿಗುವ ಇ20ರಲ್ಲಿ ಐದನೇ ಒಂದು ಪಾಲು ಎಥೆನಾಲ್. ಶುದ್ಧ ಎಥೆನಾಲಿಗೆ ಒಂಬತ್ತು ಪಾಲು ಗಾಳಿ ಸಾಕು, ಹಾಗಾಗಿ ಇ20ಗೆ ಬೇಕಾದ ಹದ ಸುಮಾರು 13.5. ಇಂಜೆಕ್ಷನ್ ಗಾಡಿಯ ಸೆನ್ಸರ್ ಇದನ್ನು ತಾನೇ ಸರಿದೂಗಿಸಿಕೊಳ್ಳುತ್ತದೆ. ಕಾರ್ಬುರೇಟರಿಗೆ ಅದು ತಿಳಿಯುವುದಿಲ್ಲ. ಹಳೆಯ ಜೆಟ್ಟಿನಲ್ಲಿ ಎಂಜಿನ್ ಲೀನ್ ಆಗಿ (ಇಂಧನದ ಪಾಲು ಸಾಲದೆ) ಓಡಿ ಬಿಸಿಯೇರುತ್ತದೆ. ಎರಡು ಸ್ಟ್ರೋಕಿನ ಬೈಕಿನಲ್ಲಿ ಇದು ಪಿಸ್ಟನ್ ಹಿಡಿದುಕೊಳ್ಳುವವರೆಗೂ ಹೋಗಬಹುದು. ಆದ್ದರಿಂದ ಮೇನ್ ಜೆಟ್ಟನ್ನು ಒಂದೆರಡು ಸೈಜ್ ಮೇಲಕ್ಕೆ ತಂದು, ಸೂಜಿಯ ಕ್ಲಿಪ್ಪನ್ನು ಒಂದು ಕಚ್ಚು ಕೆಳಗಿಳಿಸಿ, ಫ್ಲೋಟ್ ಬೌಲಿನ ಗ್ಯಾಸ್ಕೆಟ್ಟು, ಪೆಟ್ರೋಲ್ ಪೈಪುಗಳನ್ನು ಎಥೆನಾಲ್ ತಡೆಯುವಂಥವಕ್ಕೆ ಬದಲಿಸಿಕೊಳ್ಳಬೇಕು. ಆಮೇಲೆ ಓಡಿಸಿ ನೋಡಿ, ಬೇಕಿದ್ದರೆ ಮತ್ತೆ ಒಂದು ಸೈಜ್ ಆಚೀಚೆ.