ಹಳೇ ಚೀಟಿ ಎಲ್ಲಮ್ಮಾ?

ನಾವು ಆಸ್ಪತ್ರೆಗೆ ಹೋಗುತ್ತೇವೆ. ಚೀಟಿ ಮಾಡಿಸಲು ಉದ್ದ ಸಾಲು. ಕೊನೆಗೆ ಡಾಕ್ಟರ ಮುಂದೆ ಕೂರುತ್ತೇವೆ.

"ಮೊದಲು ಯಾವ ಮಾತ್ರೆ ತಗೊಂಡಿದ್ರಿ?"

"ಬಿಳೀ ಮಾತ್ರೆ ಸಾರ್."

"ಹಳೇ ಚೀಟಿ ಎಲ್ಲಮ್ಮಾ?"

"ಮಳೇಲಿ ನೆಂದು ಹೋಯ್ತು."

ಬಿಳಿ ಮಾತ್ರೆಗಳು ನೂರಾರು ಇವೆ. ಡಾಕ್ಟರಿಗೆ ಹೇಗೆ ಗೊತ್ತಾಗಬೇಕು? ಮತ್ತೆ ರಕ್ತ ಪರೀಕ್ಷೆ. ಮತ್ತೆ ಖರ್ಚು. ಕೆಲವರಿಗೆ ಒಂದೊಂದು ಔಷಧಿ ಮೈಗೆ ಒಗ್ಗುವುದಿಲ್ಲ. ಅದು ತಿಳಿಯದೆ ಕೊಟ್ಟರೆ ಜೀವಕ್ಕೇ ಅಪಾಯ.

ಇದಕ್ಕೆ ಒಂದು ದಾರಿ ಇದೆ. ಅದೇ ಆಭಾ ಸಂಖ್ಯೆ. ಇದರಲ್ಲಿ 14 ಅಂಕಿಗಳಿವೆ. 2021ರಲ್ಲಿ ಕೇಂದ್ರ ಸರ್ಕಾರ ಈ ಯೋಜನೆಯನ್ನು ದೇಶಕ್ಕೆಲ್ಲ ತಂದಿತು. ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಅಂತ ಇದರ ಹೆಸರು.

ಇದು ಹೇಗೆ ನಡೆಯುತ್ತದೆ?

ಯೋಜನೆಗೆ ಸೇರಿದ ಆಸ್ಪತ್ರೆ ನಮ್ಮ ಕಾಯಿಲೆ, ಪರೀಕ್ಷೆ, ಔಷಧಿಯ ವಿವರವನ್ನು ಕಂಪ್ಯೂಟರಿನಲ್ಲಿ ಇಡುತ್ತದೆ. ಅದನ್ನು ನಮ್ಮ ಆಭಾ ಸಂಖ್ಯೆಗೆ ಜೋಡಿಸುತ್ತದೆ. ಆಮೇಲೆ ನಾವು ಬೇರೆ ಊರಿನ ಆಸ್ಪತ್ರೆಗೆ ಹೋಗುತ್ತೇವೆ ಅನ್ನಿ. ಆ ಆಸ್ಪತ್ರೆಯೂ ಯೋಜನೆಗೆ ಸೇರಿದ್ದರೆ, ಅಲ್ಲಿನ ಡಾಕ್ಟರು ಆ ವಿವರ ನೋಡಬಹುದು. ಆದರೆ ನಾವು ಒಪ್ಪಬೇಕು. ಒಪ್ಪದಿದ್ದರೆ ನೋಡುವಂತಿಲ್ಲ. ಕೊಟ್ಟ ಒಪ್ಪಿಗೆಯನ್ನು ವಾಪಸ್ ತಗೊಳ್ಳಲೂಬಹುದು.

ಸಾಲಿನ ಕಷ್ಟವೂ ಕಡಿಮೆ ಆಗುತ್ತದೆ. 2022ರಿಂದ ಕೆಲವು ಆಸ್ಪತ್ರೆಗಳಲ್ಲಿ ಕ್ಯೂಆರ್ ಕೋಡ್ ಅಂಟಿಸಿದ್ದಾರೆ. ಅದು ಕಪ್ಪು ಬಿಳಿ ಚುಕ್ಕಿಗಳ ಚೌಕ. ಆಭಾ ಇರುವ ಸ್ಮಾರ್ಟ್ ಫೋನಿನಿಂದ ಅದನ್ನು ಸ್ಕ್ಯಾನ್ ಮಾಡಬೇಕು. ನಮ್ಮ ಹೆಸರು, ವಯಸ್ಸು, ವಿಳಾಸ ಕೌಂಟರಿಗೆ ಹೋಗುತ್ತದೆ. ಟೋಕನ್ ನಂಬರ್ ಫೋನಿಗೆ ಬರುತ್ತದೆ. ಅಂಥ ಫೋನ್ ಇಲ್ಲವೇ? ಕೌಂಟರಿನಲ್ಲೇ ಆಭಾ ಸಂಖ್ಯೆ ಹೇಳೋಣ.

ಆಭಾ ಮಾಡಿಸಲು ದುಡ್ಡು ಕೊಡಬೇಕಾಗಿಲ್ಲ. ಆಶಾ ಕಾರ್ಯಕರ್ತೆಯನ್ನು ಕೇಳೋಣ. ಆಧಾರ್ ಕಾರ್ಡ್ ಮತ್ತು ಅದಕ್ಕೆ ಜೋಡಿಸಿದ ಫೋನ್ ಜೊತೆಗಿರಲಿ.

ಇವನ್ನು ನೆನಪಿಡೋಣ:

1. ಆಭಾ ಬೇರೆ. ಉಚಿತ ಚಿಕಿತ್ಸೆಯ ಆಯುಷ್ಮಾನ್ ಕಾರ್ಡ್ ಬೇರೆ. ಆಭಾ ಇದ್ದ ಮಾತ್ರಕ್ಕೆ ಬಿಲ್ಲು ಮಾಫಿ ಆಗುವುದಿಲ್ಲ.

2. ಆಭಾ ಕಡ್ಡಾಯ ಅಲ್ಲ. ಅದು ಇಲ್ಲ ಅಂತ ನಮ್ಮನ್ನು ವಾಪಸ್ ಕಳಿಸುವಂತಿಲ್ಲ.

3. ಫೋನಿಗೆ ಬರುವ ಓಟಿಪಿ ಅಂಕಿ ನಮ್ಮ ಮನೆ ಬೀಗದ ಕೈ ಇದ್ದ ಹಾಗೆ. ಫೋನ್ ಮಾಡಿ ಕೇಳಿದವರಿಗೆ ಹೇಳಬಾರದು.

4. ಎಲ್ಲ ಆಸ್ಪತ್ರೆಗಳೂ ಇನ್ನೂ ಯೋಜನೆಗೆ ಸೇರಿಲ್ಲ. ಕಾಗದದ ಚೀಟಿಗಳನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನ ಮಾಡೋಣ.

ಈಗ ನಮಗೆ ಓದಲು ಬರುತ್ತದೆ. ನಮ್ಮ 14 ಅಂಕಿಗಳನ್ನು ನಾವೇ ಓದಿ ಹೇಳೋಣ. ಯಾತಕ್ಕೆ ಒಪ್ಪಿಗೆ ಕೇಳುತ್ತಾರೆ ಅಂತ ಓದಿ ನೋಡೋಣ. ಆಮೇಲೆ ಹೂಂ ಅನ್ನೋಣ.