ಕೆಂಧೂಳಿಗೆ ಬೊಗಸೆ ನೀರು

ಸಂಡೂರಿನ ಗಣಿ ದಾರಿಗಳಲ್ಲಿ ಮುಂಗಾರಿನ ಮೊದಲ ಹನಿಗಳು ಕಾರಿನ ಗಾಜನ್ನು ತೊಳೆಯುವುದಿಲ್ಲ, ಸಾರಿಸುತ್ತವೆ. ಅದಿರಿನ ಲಾರಿಗಳು ಎಬ್ಬಿಸಿದ ಧೂಳು ಜಾಲಿಯ ಎಲೆ, ಮನೆಯ ಮಾಳಿಗೆ, ಮೈಲಿಗಲ್ಲು ಯಾವುದನ್ನೂ ಬಿಡದೆ ಕೂತಂತೆ ಗಾಜಿನ ಮೇಲೂ ಕೂತಿರುತ್ತದೆ. ನಾಲ್ಕು ಹನಿ ಬಿದ್ದು ವೈಪರ್ ಒಮ್ಮೆ ಆಡಿತೆಂದರೆ ಈ ಅಂಚಿನಿಂದ ಆ ಅಂಚಿನವರೆಗೆ ಕೆಮ್ಮಣ್ಣಿನ ಕಮಾನು. ಎದುರು ಬರುವ ಲಾರಿಯ ದೀಪ ಅದರಲ್ಲಿ ಕದಡಿ ಹರಡಿ, ರಸ್ತೆ ಎಲ್ಲಿಗೆ ಮುಗಿಯಿತು, ಹಳ್ಳ ಎಲ್ಲಿಂದ ಶುರುವಾಯಿತು ಒಂದೂ ತಿಳಿಯದು. ಆ ಗಳಿಗೆಗೆ ಬೇಕಾದದ್ದು ಬೊಗಸೆ ನೀರು. ಸ್ಟೇರಿಂಗ್ ಪಕ್ಕದ ಕಡ್ಡಿಯನ್ನು ತನ್ನತ್ತ ಎಳೆದರೆ ಬಾನೆಟ್ಟಿನ ಅಂಚಿನಿಂದ ಚಿಮ್ಮಬೇಕಾದ ನೀರು.

ಅಕ್ಕನ ಮಗಳ ಕಾರಿನಲ್ಲಿ ಅದು ನಿಂತುಹೋಗಿತ್ತು. ಅವಳು ಹಳ್ಳಿಯ ಶಾಲೆಯೊಂದರಲ್ಲಿ ಟೀಚರು. ದಿನವೂ ಹೋಗಿಬರುವ ದಾರಿಯ ಅರ್ಧಪಾಲು ಅದಿರಿನ ಲಾರಿಗಳದ್ದೇ. ಶನಿವಾರ ಸಂಜೆ ತುಂತುರು ಮಳೆಯಲ್ಲಿ ಕಿಟಕಿಯಿಂದ ತಲೆ ಹೊರಗೆ ಹಾಕಿಕೊಂಡೇ ಮನೆ ಮುಟ್ಟಿದಳು. ಕೂದಲು, ಹುಬ್ಬು, ಸೀರೆಯ ಹೆಗಲು ಎಲ್ಲ ಕಾವಿ. ಭಾವ ಗಣಿಯ ವರ್ಕ್‌ಶಾಪಿನಲ್ಲಿ ಡಂಪರುಗಳ ಹೊಟ್ಟೆಯಡಿ ಮಲಗಿ ಆಯುಷ್ಯ ಕಳೆದವರು. ಮಗಳ ಮುಖ ನೋಡಿ ಏನೂ ಕೇಳಲಿಲ್ಲ, ಪಾನಾ ಪೆಟ್ಟಿಗೆ ಹುಡುಕಲು ಒಳಗೆ ಹೋದರು.

ಭಾನುವಾರ ಬೆಳಿಗ್ಗೆ ಬೇವಿನ ಮರದ ನೆರಳಿಗೆ ಕಾರು ಬಂತು. ಭಾವ ಮುಂಚಕ್ರದ ಬಳಿ ಕುಕ್ಕರಗಾಲಿನಲ್ಲಿ ಕೂತು ಬಂಪರಿಗೆ ಕಿವಿಯಿಟ್ಟರು.

“ಎಂಜಿನ್ ಚಾಲೂ ಮಾಡಬ್ಯಾಡವ್ವ. ಬರೇ ಕೀಲಿ ತಿರುವಿ ಕಡ್ಡಿ ಎಳಿ.”

ವೈಪರ್ ಕರಕರ ಎಂದು ಒಣಗಾಜನ್ನು ಸವರಿತು. ಬಂಪರಿನೊಳಗೆ ಸದ್ದಿಲ್ಲ. ಮೋಟರಿನ ಗುಂಯ್ ಎಂಬ ಸದ್ದು ಬಂದು ನೀರು ಮಾತ್ರ ಬಾರದಿದ್ದರೆ ಪೈಪು ಕಳಚಿರಬೇಕು, ಇಲ್ಲವೇ ನಾಝಲ್ ಕಟ್ಟಿರಬೇಕು; ಗುಂಡುಸೂಜಿಯಲ್ಲಿ ಮುಗಿಯುವ ಕೆಲಸ. ಸದ್ದೇ ಇಲ್ಲವೆಂದರೆ ಫ್ಯೂಸ್, ವೈರು, ಸ್ವಿಚ್ಚು, ಮೋಟರು ಈ ನಾಲ್ಕರಲ್ಲೊಂದು. ಫ್ಯೂಸ್ ತೆಗೆದು ಬೆಳಕಿಗೆ ಹಿಡಿದರು, ಒಳಗಿನ ತಂತಿ ಹರಿದಿರಲಿಲ್ಲ.

ಈ ಮೋಟರು ಕಣ್ಣಿಗೆ ಬೀಳುವ ಜಾಗದಲ್ಲಿಲ್ಲ. ಬಾನೆಟ್ ಎತ್ತಿದರೆ ನೀಲಿ ಮುಚ್ಚಳದ ಕೊರಳಷ್ಟೇ ಕಾಣುತ್ತದೆ. ನೀರಿನ ಟ್ಯಾಂಕು ಬಂಪರ್ ಮತ್ತು ಚಕ್ರದ ನಡುವಿನ ಸಂದಿಯಲ್ಲಿ ಅಡಗಿ, ಅದರ ಬುಡಕ್ಕೆ ಮೋಟರು ಅಂಟಿಕೊಂಡಿರುತ್ತದೆ. ಭಾವ ಸ್ಟೇರಿಂಗನ್ನು ಪೂರ್ತಿ ತಿರುಗಿಸಲು ಹೇಳಿದರು. ಚಕ್ರ ಓರೆಯಾಗಿ ಕೈಯಾಡುವಷ್ಟು ಜಾಗ ಬಿಟ್ಟಿತು. ಚಕ್ರದ ಮೇಲಿನ ಕಪ್ಪು ಪ್ಲಾಸ್ಟಿಕ್ ಹೊದಿಕೆಯ ಸ್ಕ್ರೂ, ಕ್ಲಿಪ್ಪುಗಳನ್ನು ಬಿಚ್ಚಿ ಬಗ್ಗಿಸಿದ್ದೇ ತಡ, ಒಳಗಿನಿಂದ ಒಣ ಕೆಂಧೂಳು ದಬದಬ ಸುರಿದು ಅವರ ಮಂಡಿಯ ಮೇಲೆ ಗುಪ್ಪೆಯಾಯಿತು. ಅವರು ಅದನ್ನು ಬೆರಳಲ್ಲಿ ಹಿಂಡಿ ನೋಡಿದರು. ಎಷ್ಟೋ ವರ್ಷ ಅನ್ನ ಕೊಟ್ಟ ಮಣ್ಣು.

ಈ ಮಣ್ಣಿನ ಬಗ್ಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಸೀಮೆಯ ಕಬ್ಬಿಣದ ಅದಿರು ಹೆಮಟೈಟ್. ಪುಡಿಯಾದಾಗ ಕುಂಕುಮದಷ್ಟು ನುಣುಪು ಅನ್ನಿಸಿದರೂ ಗಡಸುತನದಲ್ಲಿ ಗಾಜಿಗೆ ಸರಿಸಾಟಿ. ಅದರೊಂದಿಗೆ ಬೆರೆತ ಮರಳಿನ ಕಣ ಗಾಜಿಗಿಂತಲೂ ಗಟ್ಟಿ. ನೀರಿಲ್ಲದೆ ವೈಪರ್ ಆಡಿಸುವುದೆಂದರೆ ರಬ್ಬರಿಗೆ ಉಪ್ಪುಕಾಗದ ಸುತ್ತಿ ಗಾಜು ಉಜ್ಜಿದ ಹಾಗೆ. ಮುಂದಿನ ಗಾಜು ಎರಡು ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರ ಕೂರಿಸಿ ಮಾಡಿದ್ದು. ಒಡೆದರೂ ಚೂರು ಮುಖಕ್ಕೆ ಹಾರದು. ಆದರೆ ಗೀರು ಬಿದ್ದರೆ ಅದು ಉಳಿಯಿತೆಂದೇ ಲೆಕ್ಕ. ಹಗಲು ಕಾಣದ ಆ ಗೀರುಗಳು ಸಂಜೆಯ ಬಿಸಿಲು ನೇರ ಬಡಿದಾಗ ಒಂದೊಂದೂ ಬೆಳ್ಳಿ ಎಳೆಯಾಗಿ ಹೊಳೆದು ದಾರಿಯನ್ನೇ ಅಳಿಸಿಬಿಡುತ್ತವೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಮರಗಳ ಎಲೆ ಮತ್ತೆ ಹಸಿರು ಕಂಡದ್ದನ್ನು ಅಕ್ಕ ಇವತ್ತಿಗೂ ಹೇಳುತ್ತಾಳೆ. ಆಗ ಭಾವನ ಕೆಲಸವೂ ನಿಂತಿತ್ತು ಎಂಬುದನ್ನು ಅದೇ ಉಸಿರಿನಲ್ಲಿ ಸೇರಿಸುತ್ತಾಳೆ. ಗಣಿಗಳು ಮತ್ತೆ ತೆರೆದವು, ಲಾರಿಗಳು ಬಂದವು, ಧೂಳು ಬಂತು. ಈ ದಾರಿಯಲ್ಲಿ ಗಾಡಿ ಓಡಿಸುವವರಿಗೆ ಬ್ರೇಕ್ ಎಷ್ಟು ಮುಖ್ಯವೋ ವಾಷರ್ ನೀರೂ ಅಷ್ಟೇ ಮುಖ್ಯವೆಂದು ನಾನು ನಂಬುತ್ತೇನೆ. ಟೈರಿನ ಗಾಳಿ ವಿಚಾರಿಸುವ ನಾವು ಈ ನೀರನ್ನು ವಿಚಾರಿಸುವುದಿಲ್ಲ.

ಭಾವ ಮೋಟರಿನ ವೈರು ಕಳಚಿ ಆ ಸಾಕೆಟ್ಟಿಗೆ ಟೆಸ್ಟ್ ಲ್ಯಾಂಪ್ ಚುಚ್ಚಿದರು. “ಈಗ ಎಳಿ.” ಪುಟ್ಟ ಬಲ್ಬು ಹತ್ತಿತು. ಕರೆಂಟ್ ಇಲ್ಲಿಯವರೆಗೆ ಬರುತ್ತಿದೆ. ಬ್ಯಾಟರಿಯಿಂದ ನೇರ ತಂತಿ ಎಳೆದು ಮೋಟರಿಗೆ ಮುಟ್ಟಿಸಿದರೂ ಅದು ಮಿಸುಕಲಿಲ್ಲ.

“ಮುಗೀತದರ ಕತಿ,” ಎಂದರು.

ಅಡಿಗೆ ಬುಟ್ಟಿ ಇಟ್ಟು, ಪೈಪು ಬಿಡಿಸಿ, ಮೋಟರನ್ನು ಅತ್ತಿತ್ತ ತಿರುವುತ್ತ ಎಳೆದಾಗ ಬುಡುಕ್ಕೆಂದು ಕಿತ್ತು ಬಂತು. ಹಿಂದೆಯೇ ಟ್ಯಾಂಕಿನ ನೀರು ಗಳಗಳ ಇಳಿಯಿತು, ಮೊದಲು ಕೆಂಪಗೆ, ಆಮೇಲೆ ಕಂದಾಗಿ, ಕೊನೆಗೆ ಗೊಜ್ಜಿನಷ್ಟು ಮಂದವಾಗಿ. ಅಕ್ಕನ ಮಗಳು ಬಾನೆಟ್ ಕಡೆ ಬಂದು ಕೊರಳಿನ ಮುಚ್ಚಳ ಮುಟ್ಟಿ ನೋಡಿದಳು. ಅದರ ಕೀಲು ಮುರಿದು, ಮುಚ್ಚಳ ಸುಮ್ಮನೆ ಮೇಲೆ ಕೂತಿತ್ತು.

“ಅಪ್ಪಾಜಿ, ಇಲ್ಲಿಂದ ಧೂಳು ಹೋಗೇತಿ ನೋಡ್ರಿ.”

ಭಾವ ಎದ್ದು ಬಂದು ನೋಡಿ ತಲೆಯಾಡಿಸಿದರು. ಮೋಟರು ಸಾಯಲು ಕಾರಣ ಸಿಕ್ಕಿತು. ಆದರೂ ಅವರಿಗೆ ಒಳಗನ್ನು ಕಣ್ಣಾರೆ ಕಾಣದೆ ಸಮಾಧಾನವಿಲ್ಲ. ಆಕ್ಸಾ ಬ್ಲೇಡಿನಿಂದ ಹಳೇ ಮೋಟರಿನ ಪ್ಲಾಸ್ಟಿಕ್ ಮೈಯನ್ನು ಕೊಯ್ದು ಮಗಳ ಅಂಗೈಯಲ್ಲಿಟ್ಟರು. ಕೆಳಗೆ ನೀರನ್ನು ತಳ್ಳುವ ಪುಟಾಣಿ ರೆಕ್ಕೆಚಕ್ರ, ಸುತ್ತ ಗಾರೆಗಟ್ಟಿದ ಕೆಸರು. ಕೆಸರು ಉಜ್ಜಿ ಉಜ್ಜಿ ದಂಡದ ರಬ್ಬರ್ ಸೀಲು ಸವೆದು, ನೀರು ಮೇಲೇರಿ, ತಾಮ್ರದ ಸುರುಳಿಯ ಪಕ್ಕ ತುಕ್ಕು ಹಿಡಿದಿತ್ತು. ಟ್ಯಾಂಕ್ ಖಾಲಿ ಇದ್ದಾಗ ಕಡ್ಡಿ ಎಳೆಯುತ್ತಲೇ ಇದ್ದರೂ ಇದು ಹಾಳಾಗುತ್ತದೆ. ಇದರೊಳಗೆ ಹರಿಯುವ ನೀರೇ ಇದಕ್ಕೆ ತಂಪು, ಅದೇ ಕೀಲೆಣ್ಣೆಯೂ ಹೌದು.

ಟ್ಯಾಂಕನ್ನು ಕೊಳಾಯಿ ಪೈಪಿನಿಂದ ತೊಳೆದರು, ಬುಡದಿಂದ ತಿಳಿನೀರು ಬರುವವರೆಗೂ. ಹೊಸ ಮೋಟರಿಗೆ ಕೊಟ್ಟದ್ದು ಕೆಲವು ನೂರು ರೂಪಾಯಿ. ಅದರ ಜೊತೆ ಬಂದ ರಬ್ಬರ್ ಬುಷ್ಷನ್ನು ಟ್ಯಾಂಕಿನ ತೂತಿಗೆ ಕೂರಿಸಿ, ನೀರು ಸವರಿ, ಮೋಟರಿನ ಮೂತಿಯನ್ನು ಹೆಬ್ಬೆರಳಿನಿಂದ ಒತ್ತಿದರು. ಹಳೇ ಬುಷ್ಷನ್ನೇ ಉಳಿಸಿಕೊಂಡರೆ ಒಂದೊಂದೇ ಹನಿ ಸೋರಿ ವಾರದೊಳಗೆ ಟ್ಯಾಂಕ್ ಬರಿದಾದೀತು. ಸಾಕೆಟ್ ಟಕ್ಕೆಂದು ಕೂತಿತು. ಹೊದಿಕೆ ಮುಚ್ಚುವ ಮೊದಲು ಪರೀಕ್ಷೆ.

ಕುಡಿಯಲು ತಂದಿದ್ದ ಫಿಲ್ಟರ್ ನೀರನ್ನೇ ಭಾವ ಸುರಿಯತೊಡಗಿದಾಗ ಅಕ್ಕ ಹೊಸ್ತಿಲಲ್ಲಿ ನಿಂತು, “ಬೋರಿನ ನೀರು ಸಾಲ್ದೇನು ಅದಕ್ಕ?” ಎಂದಳು.

“ಬೋರಿನ ನೀರು ನಾಝಲ್ಲಿನಾಗ ಸುಣ್ಣ ಕಟ್ತೈತಿ,” ಎಂದರು ಭಾವ. ಸೋಪಿನ ಪುಡಿಯನ್ನೂ ಹಾಕಗೊಡಲಿಲ್ಲ. ನೊರೆ ಗಾಜಿನ ಮೇಲೆ ಒಣಗಿ ಇನ್ನೊಂದು ಪೊರೆಯಾಗುತ್ತದಂತೆ.

ಮಗಳು ಕಡ್ಡಿ ಎಳೆದಳು. ಗುಂಯ್ ಎಂದಿತು. ಪೈಪಿನ ಗಾಳಿ ಉಗುಳಿ ಎರಡು ನೀರೆಳೆ ಎದ್ದವು. ಒಂದು ಗಾಜಿನ ನಡುಮಧ್ಯಕ್ಕೆ ಬಡಿಯಿತು, ಇನ್ನೊಂದು ಕಾರಿನ ನೆತ್ತಿ ಹಾರಿ ತುಳಸಿಕಟ್ಟೆಯ ಮೇಲೆ ಬಿತ್ತು. ಅಕ್ಕ ಸೆರಗು ಅಡ್ಡ ಹಿಡಿದು ನಕ್ಕಳು. ಭಾವ ಗುಂಡುಸೂಜಿಯಿಂದ ನಾಝಲ್ಲಿನ ಗುಂಡನ್ನು ಕೂದಲೆಳೆಯಷ್ಟು ಬಗ್ಗಿಸಿದರು. ವೈಪರ್ ಆಡಿತು. ನಿನ್ನೆಯ ಕೆಮ್ಮಣ್ಣು ಕರಗಿ ಅಂಚುಗಳಲ್ಲಿ ಇಳಿದುಹೋಗಿ, ಗಾಜಿನಾಚೆ ಮಗಳ ಮುಖ ನಿಚ್ಚಳವಾಗಿ ಕಂಡಿತು.

ಮುರಿದ ಮುಚ್ಚಳದ ಬದಲಿಗೆ ಹೊಸದನ್ನು ಒತ್ತುತ್ತಿದ್ದ ಭಾವನಿಗೆ ಅವಳು ಒಳಗಿನಿಂದಲೇ ಹೇಳಿದಳು: “ನಮ್ಮ ಹೆಡ್‌ಮೇಡಮ್ ಕಾರಿಂದೂ ಇದ ಕತಿ ಅಪ್ಪಾಜಿ.”

“ಮುಂದಿನ ಭಾನುವಾರ ಬರಾಕ ಹೇಳು. ಮೋಟರು, ಬುಷ್ಷು ಎರಡೂ ತಗಂಡ ಬರ್ಲಿ. ಹೊಂಟಾಗ ಮುಚ್ಚಳ ನೋಡ್ಕಾ ಅನ್ನು ಮೊದ್ಲು.”